ಬದುವಿನ ಬಿಲದ ನರಿ ಮತ್ತು ಸಹಾರಾದ ಫೆನೆಕ್: ಎರಡೂ ಒಂದೇನಾ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕು. ಊರಿಂದ ಎರಡು ಕಿಲೋಮೀಟರ್ ಆಚೆ ನಮ್ಮ ಮಸಾರಿ ಹೊಲ ಇದೆ, ಪಕ್ಕದಲ್ಲೇ ಗಾಯರಾಣ. ಈ ಜನವರಿಯಲ್ಲಿ ತೊಗರಿ ಕೊಯ್ಯಲು ಹೋದಾಗ ಬದುವಿನಲ್ಲಿ ಮೂರು ಬಿಲ ಕಂಡವು. ಸಂಜೆ ಒಂದು ಸಣ್ಣ ನರಿ ಹೊರಗೆ ಬಂದು ಕೂತಿತ್ತು. ಆರನೇ ತರಗತಿಯ ನನ್ನ ಮಗ ಅದನ್ನು ನೋಡಿ, ‘ಇದು ಮೊಬೈಲಲ್ಲಿ ಬರೋ ಮರುಭೂಮಿ ನರಿ, ಫೆನೆಕ್’ ಎಂದು ಹಟ ಹಿಡಿದಿದ್ದಾನೆ. ನಮ್ಮದೂ ಬಿಸಿಲು ನಾಡು, ಮಳೆ ಕಡಿಮೆ, ಹಾಗಾಗಿ ಇರಬಹುದು ಅಲ್ವಾ? ಅದು ಮರಳಲ್ಲಿ ನೀರಿಲ್ಲದೆ ಹೇಗೆ ಬದುಕುತ್ತದೆ? ಅದನ್ನು ಸಾಕಬಹುದಾ ಎಂದೂ ಕೇಳುತ್ತಿದ್ದಾನೆ. ನಮ್ಮ ಮನೆಯವರು ಕುರಿಮರಿ ಹಿಡಿಯುತ್ತದೆ ಎಂದು ಬಿಲಕ್ಕೆ ಕಲ್ಲು, ಮುಳ್ಳು ತುಂಬಲು ಹೊರಟಿದ್ದಾರೆ. ನಮ್ಮ ಅತ್ತೆ ಮಾತ್ರ ನರಿ ಮುಖ ನೋಡಿದರೆ ಒಳ್ಳೆಯದು, ಇರಲಿ ಬಿಡಿ ಎನ್ನುತ್ತಾರೆ. ಏನು ಮಾಡಬೇಕು?

ಉತ್ತರ: ಅಕ್ಕಾವ್ರೇ, ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. ದಯವಿಟ್ಟು ಬಿಲ ಮುಚ್ಚಬೇಡಿ. ನಮ್ಮ ಕಡೆಯ ಈ ನರಿ ಮರಿ ಹಾಕುವ ಕಾಲ ಈಗಲೇ. ಜನವರಿಯಿಂದ ಏಪ್ರಿಲ್‌ವರೆಗೆ ಯಾವಾಗ ಬೇಕಾದರೂ ಒಳಗೆ ಕಣ್ಣು ಬಿಡದ ಮರಿಗಳಿರಬಹುದು. ಕಲ್ಲು, ಮುಳ್ಳು ತುಂಬಿದರೆ ತಾಯಿ ಹೇಗೋ ತಪ್ಪಿಸಿಕೊಂಡೀತು, ಮರಿಗಳು ಅಲ್ಲೇ ಉಸಿರು ಕಟ್ಟಿ ಸಾಯುತ್ತವೆ. ಕುರಿಮರಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮನೆಯವರಿಗೆ ಅಲ್ಲಿಯವರೆಗೆ ತಡೆಯಲು ಹೇಳಿ.

ಈಗ ನಿಮ್ಮ ಮಗನ ಹಟಕ್ಕೆ ಬರೋಣ. ನೀವು ನೋಡಿದ್ದು ಫೆನೆಕ್ ಅಲ್ಲ. ಆದರೆ ಅವನು ಗುರುತಿಸಿದ್ದರಲ್ಲಿ ಒಂದು ನಿಜ ಇದೆ. ಎರಡೂ ಒಂದೇ ಕುಲದವು. ಫೆನೆಕ್‌ನ ವೈಜ್ಞಾನಿಕ ಹೆಸರು ವಲ್ಪಿಸ್ ಜೆರ್ಡಾ. ನಿಮ್ಮ ಬದುವಿನದ್ದು ವಲ್ಪಿಸ್ ಬೆಂಗಾಲೆನ್ಸಿಸ್. ಪುಸ್ತಕಗಳಲ್ಲಿ ಇದನ್ನು ಭಾರತೀಯ ನರಿ, ಬಂಗಾಳ ನರಿ ಎನ್ನುತ್ತಾರೆ. ಹಳೆಯ ಪ್ರಾಣಿ ಪುಸ್ತಕಗಳು ಇದರ ಕನ್ನಡ ಹೆಸರನ್ನು ಕೆಂಪುನರಿ ಎಂದೂ ಬರೆದಿವೆ. ನಮ್ಮಲ್ಲಿ ಒಂದು ಗೊಂದಲ ಇದೆ. ರಾತ್ರಿ ಗುಂಪಾಗಿ ಊಳಿಡುವ ಗುಳ್ಳೆನರಿಯನ್ನೂ ನಾವು ನರಿ ಎನ್ನುತ್ತೇವೆ, ಇದನ್ನೂ ನರಿ ಎನ್ನುತ್ತೇವೆ. ಗುಳ್ಳೆನರಿ ಎಂಟು ಹತ್ತು ಕಿಲೋ ತೂಗುವ, ಬೀದಿನಾಯಿಯ ಮೈಕಟ್ಟಿನ ಪ್ರಾಣಿ. ನಿಮ್ಮ ಬದುವಿನ ನರಿ ಎರಡರಿಂದ ಮೂರು ಕಿಲೋ, ಅಷ್ಟೇ. ಇದು ಮಾಡಿದ ತಪ್ಪಿಗಿಂತ ಗುಳ್ಳೆನರಿಯ ತಪ್ಪಿಗೆ ಇದು ಏಟು ತಿಂದದ್ದೇ ಜಾಸ್ತಿ.

ಮುಂದಿನ ಸಲ ಸಂಜೆ ಹೋದಾಗ ಬಾಲದ ತುದಿ ನೋಡಲು ಹೇಳಿ. ಭಾರತೀಯ ನರಿಯ ಬಾಲದ ತುದಿ ಕಪ್ಪು. ಬಾಲ ಪೊದೆಯಂತೆ ದಪ್ಪ, ಮೈಯುದ್ದದ ಅರ್ಧಕ್ಕಿಂತ ಜಾಸ್ತಿ. ಓಡುವಾಗ ಬಾಲವನ್ನು ನೆಲಕ್ಕೆ ಸಮನಾಗಿ ಹಿಡಿಯುತ್ತದೆ. ಗಕ್ಕನೆ ತಿರುಗುವಾಗ ಅದೇ ಬಾಲ ನೆಟ್ಟಗೆ ಮೇಲೇಳುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ರಾಜಸ್ಥಾನದ ಥಾರ್ ಮತ್ತು ಗುಜರಾತಿನ ಕಛ್ ಕಡೆ ಇನ್ನೊಂದು ನರಿ ಇದೆ, ಅದನ್ನು ಮರುಭೂಮಿ ನರಿ ಎಂದೇ ಕರೆಯುತ್ತಾರೆ. ಅದರ ಬಾಲದ ತುದಿ ಬಿಳಿ. ಅದೂ ಫೆನೆಕ್ ಅಲ್ಲ, ಅದೂ ನಮ್ಮ ಕಡೆ ಇಲ್ಲ. ಫೆನೆಕ್ ಅಂತೂ ಭಾರತದ ಯಾವ ಕಾಡಲ್ಲೂ, ಯಾವ ಮರಳಲ್ಲೂ ಇಲ್ಲ.

ಅದರ ಊರು ಸಹಾರಾ. ಮೊರಾಕ್ಕೊ, ಮಾರಿಟೇನಿಯಾದಿಂದ ಹಿಡಿದು ಅಲ್ಜೀರಿಯಾ, ಟ್ಯುನಿಸಿಯಾ, ಲಿಬಿಯಾ, ನೈಜರ್, ಚಾಡ್ ದಾಟಿ ಈಜಿಪ್ಟ್‌ನ ಸಿನಾಯ್‌ವರೆಗೆ. ಫೆನೆಕ್ ಎಂಬ ಹೆಸರೇ ಅರಬ್ಬಿಯಿಂದ ಬಂದದ್ದು. ಅಲ್ಜೀರಿಯಾದವರಿಗೆ ಅದು ರಾಷ್ಟ್ರಪ್ರಾಣಿ. ಅವರ ಫುಟ್ಬಾಲ್ ತಂಡವನ್ನು ಪ್ರೀತಿಯಿಂದ ಫೆನೆಕ್‌ಗಳು ಎಂದೇ ಕರೆಯುತ್ತಾರೆ.

ಮೊಬೈಲಿನಲ್ಲಿ ನೋಡಿದರೆ ಪ್ರಾಣಿಯ ಗಾತ್ರ ಗೊತ್ತಾಗುವುದಿಲ್ಲ. ಫೆನೆಕ್ ತೂಗುವುದು ಒಂದರಿಂದ ಒಂದೂವರೆ ಕಿಲೋ. ನಿಮ್ಮ ಮನೆಯ ಬೆಕ್ಕು ಅದಕ್ಕಿಂತ ಭಾರ ಇರುತ್ತದೆ. ನಾಯಿ, ತೋಳ, ನರಿಗಳ ಇಡೀ ಬಳಗದಲ್ಲಿ ಅದೇ ಅತಿ ಚಿಕ್ಕದು. ತಲೆಯಿಂದ ಬಾಲದ ಬುಡದವರೆಗೆ ಸುಮಾರು 35ರಿಂದ 40 ಸೆಂಟಿಮೀಟರ್. ಅಷ್ಟು ಪುಟ್ಟ ಮೈಗೆ ಕಿವಿ ಮಾತ್ರ 15 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಮೊರದಗಲ ಕಿವಿ ಎನ್ನುತ್ತೇವಲ್ಲ, ಹಾಗೆ.

ಆ ಕಿವಿ ಎರಡು ಕೆಲಸ ಮಾಡುತ್ತದೆ. ತೆಳ್ಳಗಿನ ಅಗಲ ಕಿವಿಯೊಳಗೆ ರಕ್ತನಾಳಗಳ ಬಲೆ ಇದೆ. ಮೈಯ ಬಿಸಿ ರಕ್ತ ಅಲ್ಲಿಗೆ ಹರಿದು, ಗಾಳಿಗೆ ತಣ್ಣಗಾಗಿ ವಾಪಸ್ ಬರುತ್ತದೆ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದರೆ ಬೇಗ ಆರುತ್ತದೆ, ಮುದ್ದೆ ಆರಲು ಹೊತ್ತು ಬೇಕು. ಅದೇ ಲೆಕ್ಕ. ಚಳಿ ದೇಶದ ಪ್ರಾಣಿಗಳಿಗೆ ಕಿವಿ, ಕಾಲು ಚಿಕ್ಕವು, ಬಿಸಿ ದೇಶದವಕ್ಕೆ ದೊಡ್ಡವು ಎಂದು ಜೋಯೆಲ್ ಅಲೆನ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞ 1877ರಲ್ಲೇ ಬರೆದರು. ಹಿಮದ ನಾಡಿನ ಆರ್ಕ್‌ಟಿಕ್ ನರಿಯ ಚಿತ್ರವನ್ನೂ ಫೆನೆಕ್ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಮಗನಿಗೆ ತೋರಿಸಿ. ನೀವು ಏನೂ ಹೇಳಬೇಕಿಲ್ಲ, ಅವನೇ ಹೇಳುತ್ತಾನೆ.

ಎರಡನೇ ಕೆಲಸ ಕೇಳುವುದು. ಮರಳಿನ ಕೆಳಗೆ ಒಂದು ಹುಳ ಸರಿದರೂ ಅದಕ್ಕೆ ಕೇಳುತ್ತದೆ. ತಲೆ ಓರೆ ಮಾಡಿ, ಎರಡೂ ಕಿವಿಯಿಂದ ಸದ್ದಿನ ಜಾಗ ಗುರುತಿಸಿ, ಅಲ್ಲೇ ತೋಡಿ ಹಿಡಿಯುತ್ತದೆ. ಮಿಡತೆ, ಜೀರುಂಡೆ, ಹಲ್ಲಿ, ಸಣ್ಣ ಇಲಿ, ನೆಲದ ಮೇಲಿನ ಹಕ್ಕಿ ಮೊಟ್ಟೆ, ಹಣ್ಣು, ಬೇರು, ಏನು ಸಿಕ್ಕರೂ ತಿನ್ನುತ್ತದೆ. ಮರುಭೂಮಿಯಲ್ಲಿ ಇದೇ ಬೇಕು ಎಂದು ಕೂತರೆ ಹೊಟ್ಟೆ ತುಂಬುವುದಿಲ್ಲ.

ಪಾದದ ಅಡಿಯಲ್ಲೂ ಅದಕ್ಕೆ ಕೂದಲಿದೆ. ಮಧ್ಯಾಹ್ನದ ಸಹಾರಾದಲ್ಲಿ ಮರಳಿನ ಮೇಲ್ಮೈ 70 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಬರಿಗಾಲಲ್ಲಿ ಡಾಂಬರು ರಸ್ತೆ ದಾಟಿದವರಿಗೆ ಅದರ ಒಂದು ಚೂರು ಅಂದಾಜಾದೀತು. ಪಾದದ ಕೂದಲು ಸುಡುವುದನ್ನೂ ತಡೆಯುತ್ತದೆ, ಸಡಿಲ ಮರಳಲ್ಲಿ ಕಾಲು ಹೂತುಹೋಗುವುದನ್ನೂ ತಡೆಯುತ್ತದೆ. ಮೈಯ ತುಪ್ಪಳ ಕೆನೆ ಬಣ್ಣದ್ದು. ಹಗಲು ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ, ರಾತ್ರಿ ಕಂಬಳಿಯಾಗುತ್ತದೆ. ಮರಳುಗಾಡಿನ ರಾತ್ರಿ ತುಂಬಾ ಚಳಿ ಎನ್ನುವುದನ್ನು ನಾವು ಮರೆಯುತ್ತೇವೆ.

ನೀರಿನ ವಿಷಯ ನನಗೆ ಇವೆಲ್ಲಕ್ಕಿಂತ ಬೆರಗು ಹುಟ್ಟಿಸುತ್ತದೆ. ಸಹಾರಾದ ಉತ್ತರದ ಅಂಚಿನಲ್ಲಿ ಫೆನೆಕ್ ಇರುವ ಕಡೆ ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ಎಷ್ಟೋ ಕಡೆ ಸುತ್ತ ಕೆರೆ, ಹಳ್ಳ, ಹೊಂಡ ಏನೂ ಇಲ್ಲ. ಕುಡಿಯಲು ಸಿಕ್ಕರೆ ಕುಡಿಯುತ್ತದೆ. ಸಿಗದಿದ್ದರೆ ತಿಂದ ಹುಳದಲ್ಲಿ, ಹಲ್ಲಿಯಲ್ಲಿ, ಹಣ್ಣು ಎಲೆಗಳಲ್ಲಿ ಇರುವ ತೇವವೇ ಅದರ ನೀರು. ಹಾಗಾಗಿ ಬಂದದ್ದನ್ನು ಕಳೆದುಕೊಳ್ಳದೆ ಇರುವುದೇ ಅದರ ಬದುಕಿನ ಗುಟ್ಟು. ಮೂತ್ರಪಿಂಡ ನೀರನ್ನು ಹಿಂಡಿ ಹಿಂಡಿ ಒಳಗೆ ಉಳಿಸಿಕೊಂಡು, ಗಟ್ಟಿ ಮೂತ್ರವನ್ನು ಮಾತ್ರ ಹೊರಗೆ ಬಿಡುತ್ತದೆ. ಸುಮ್ಮನೆ ಕೂತಾಗ ಅದರ ಮೈಯ ಒಲೆ ಬೇರೆ ಪ್ರಾಣಿಗಳಿಗಿಂತ ಸಣ್ಣ ಉರಿಯಲ್ಲಿ ಉರಿಯುತ್ತದೆ. ಅಷ್ಟೇ ಗಾತ್ರದ ಪ್ರಾಣಿಗೆ ಲೆಕ್ಕ ಹಾಕಿದರೆ ಬರಬೇಕಾದ ಶಕ್ತಿಯ ಮೂರನೇ ಎರಡು ಪಾಲು ಮಾತ್ರ ಅದು ಖರ್ಚು ಮಾಡುತ್ತದೆ.

ನಾಯಿ ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತದೆ, ಅಲ್ವಾ? ಆಗ ನಾಲಗೆಯಿಂದ ನೀರು ಆವಿಯಾಗುತ್ತದೆ. ಫೆನೆಕ್‌ಗೆ ಆ ನೀರು ದುಬಾರಿ. ಸುತ್ತಲಿನ ಬಿಸಿ 35 ಡಿಗ್ರಿ ಮುಟ್ಟುವವರೆಗೆ ಅದು ಏದುಸಿರು ಬಿಡುವುದೇ ಇಲ್ಲ. ಶುರು ಮಾಡಿತೋ, ನಿಮಿಷಕ್ಕೆ ಇಪ್ಪತ್ತು ಚಿಲ್ಲರೆ ಇದ್ದ ಉಸಿರು 690ರವರೆಗೆ ಏರುತ್ತದೆ. ಒಂದು ಸೆಕೆಂಡಿಗೆ ಹನ್ನೊಂದಕ್ಕೂ ಜಾಸ್ತಿ! ಆದರೆ ಅದು ಕೊನೆಯ ಉಪಾಯ. ಅದಕ್ಕೂ ಮೊದಲಿನ ಉಪಾಯ ಬಿಸಿಲಿಗೆ ಬಾರದೇ ಇರುವುದು. ನಮ್ಮ ಕಡೆ ಬೇಸಿಗೆಯಲ್ಲಿ ಹತ್ತು ಗಂಟೆಯೊಳಗೆ ಹೊಲದ ಕೆಲಸ ಮುಗಿಸಿ ಬೇವಿನ ನೆರಳಿಗೆ ಸೇರುವ ಹಾಗೆ, ಅದು ಸೂರ್ಯ ಏರುವ ಹೊತ್ತಿಗೆ ನೆಲದೊಳಗೆ ಇಳಿದಿರುತ್ತದೆ.

ಅದರ ಬಿಲವೇ ಅದರ ನಿಜವಾದ ಊರು ಎನ್ನುವುದು ನನ್ನ ಅಭಿಪ್ರಾಯ. ಮೇಲೆ ಮರಳು ಕಾದ ಹೆಂಚು. ಒಂದು ಮೀಟರ್ ಕೆಳಗೆ ತಂಪು, ಸ್ವಲ್ಪ ತೇವ. ಗಿಡಗಂಟಿಗಳ ಬೇರು ಮರಳನ್ನು ಹಿಡಿದಿಟ್ಟ ದಿಬ್ಬಗಳಲ್ಲಿ ಅದು ತೋಡುತ್ತದೆ. ಬರಿ ಸಡಿಲ ಮರಳಲ್ಲಿ ಬಿಲ ನಿಲ್ಲುವುದಿಲ್ಲ, ಕುಸಿಯುತ್ತದೆ. ಹಾಗಾಗಿ ಒಂದು ಹುಲ್ಲಿನ ಬುಡ, ಒಂದು ಸಣ್ಣ ಪೊದೆ ಅದಕ್ಕೆ ಮನೆಯ ತೊಲೆ ಇದ್ದ ಹಾಗೆ. ನೆಲ ಗಟ್ಟಿ ಇದ್ದ ಕಡೆ ಬಿಲ 120 ಚದರ ಮೀಟರ್‌ವರೆಗೆ ಹರಡಿ, 15 ಬಾಗಿಲವರೆಗೂ ಇರುವುದುಂಟು. ಜೋಡಿ ಒಂದಾದರೆ ಬಿಟ್ಟು ಹೋಗುವುದಿಲ್ಲ. ಮರಿಗಳ ಜೊತೆ ಹತ್ತರವರೆಗೆ ಒಟ್ಟಿಗೆ ಇರುತ್ತವೆ. ತಾಯಿ 50 ದಿನ ಚಿಲ್ಲರೆ ಗರ್ಭ ಹೊತ್ತು ಒಂದರಿಂದ ನಾಲ್ಕು ಮರಿ ಹಾಕುತ್ತದೆ. ಮರಿ ಸಣ್ಣದಿರುವಾಗ ತಂದೆ ಊಟ ತಂದುಕೊಡುತ್ತದೆ.

ಸಹಾರಾ ಎಂದರೆ ಎಲ್ಲಾ ಮರಳು ಎಂದುಕೊಳ್ಳಬೇಡಿ. ಅದರ ನಾಲ್ಕನೇ ಒಂದು ಪಾಲಷ್ಟೇ ಮರಳು, ಉಳಿದದ್ದು ಕಲ್ಲು, ಜಲ್ಲಿ, ಬೆಟ್ಟ. ಕಲ್ಲು ನೆಲದ ಕಡೆ ರೂಪೆಲ್ ನರಿ ಎಂಬ ಇನ್ನೊಂದು ಜಾತಿ ಇದೆ. ಫೆನೆಕ್ ಬೇಕೆನ್ನುವುದು ಮರಳನ್ನೇ.

ನಿಮ್ಮ ಮಗನ ಒಳ್ಳೆಯ ಪ್ರಶ್ನೆಗೆ ಈಗ ಬಂದೆವು. ನಮ್ಮದೂ ಬಿಸಿಲು ನಾಡು, ಇಲ್ಲೇಕೆ ಇಲ್ಲ? ಮೊದಲ ಕಾರಣ ಸರಳ. ಅದು ಹುಟ್ಟಿ ಹಬ್ಬಿದ್ದು ಉತ್ತರ ಆಫ್ರಿಕಾದಲ್ಲಿ, ಅಲ್ಲಿಂದ ಇಲ್ಲಿಗೆ ಬರಲು ದಾರಿಯೇ ಇಲ್ಲ. ಎರಡನೆಯದು, ಬಿಸಿಲು ಒಂದೇ ಇದ್ದರೆ ಮರುಭೂಮಿ ಆಗುವುದಿಲ್ಲ. ಕೊಪ್ಪಳ, ರಾಯಚೂರು ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ನಮಗೆ ಅದು ಸಾಲದು, ಸಹಾರಾದ ಲೆಕ್ಕದಲ್ಲಿ ಪ್ರವಾಹ. ಅದೂ ಮೂರ್ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಎರೆ ಹೊಲ ಮಳೆಗಾಲದಲ್ಲಿ ಅಂಟಾಗಿ ಕಾಲು ಹಿಡಿಯುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಸಾರಿಯಲ್ಲಿ ಗರಸು ಜಾಸ್ತಿ. ಮರಳು ತೋಡಲು ಹುಟ್ಟಿದ ಕೂದಲಿನ ಪಾದಕ್ಕೆ ಇದು ಹೊಂದುವ ನೆಲ ಅಲ್ಲ. ಬಳ್ಳಾರಿಯವರು ‘ನಮ್ಮ ಹಗರಿ ದಂಡೆಯಲ್ಲಿ ಗಾಳಿಗೆ ಹಾರಿ ಬಂದ ಮರಳು ದಿಬ್ಬ ಇವೆಯಲ್ಲ’ ಎನ್ನಬಹುದು. ಇವೆ, ನೋಡಲು ಚಂದ ಇವೆ. ಆದರೆ ಅವು ಹೊಳೆಯ ಮಗ್ಗುಲಲ್ಲಿ ಇರುವ ಸಣ್ಣ ಪಟ್ಟಿ, ಸುತ್ತ ನೀರಾವರಿ ಗದ್ದೆ, ಊರು, ನಾಯಿ.

ನಮ್ಮ ಈ ನೆಲಕ್ಕೆ ಹೇಳಿ ಮಾಡಿಸಿದ್ದು ನಿಮ್ಮ ಬದುವಿನ ನರಿ. ಇದು ಹಿಮಾಲಯದ ತಪ್ಪಲಿನಿಂದ ದಕ್ಷಿಣದವರೆಗೆ ಭಾರತ ಮತ್ತು ಅಕ್ಕಪಕ್ಕದಲ್ಲಿ ಮಾತ್ರ ಇರುವ ಪ್ರಾಣಿ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ದಟ್ಟ ಕಾಡು ಇದಕ್ಕೆ ಬೇಡ. ಕಡಿದಾದ ಬೆಟ್ಟ ಬೇಡ. ನಿಜವಾದ ಮರುಭೂಮಿಯೂ ಬೇಡ. ಬೇಕಾದದ್ದು ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಬಾರಿ ಗಿಡ, ಬೀಳು ಬಿಟ್ಟ ಹೊಲ, ಕುರಿ ಮೇಯುವ ಗಾಯರಾಣ. ನಾವು ಬಂಜರು ಎಂದು ಕಾಗದದಲ್ಲಿ ಬರೆದು ಕೈ ತೊಳೆದುಕೊಳ್ಳುವ ನೆಲವೇ ಇದರ ಸಂಪತ್ತು. ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು ಕಡೆಯ ಮಳೆಯಾಶ್ರಿತ ಬಯಲಲ್ಲಿ ನಾನು ಇದನ್ನು ನೋಡಿದ್ದು ಹೆಚ್ಚಾಗಿ ಹೊಲ ಮತ್ತು ಗಾಯರಾಣ ಕೂಡುವ ಗಡಿಯಲ್ಲೇ. ನಿಮ್ಮ ಬದುವೂ ಅಂಥದ್ದೇ.

ನಿಮಗೆ ಮೂರು ಬಿಲ ಕಂಡವು ಎಂದಿರಿ. ಅವು ಮೂರು ಮನೆ ಇರಲಾರವು. ಒಂದೇ ಮನೆಯ ಮೂರು ಬಾಗಿಲು ಇರಬೇಕು. ಈ ನರಿ ಎರಡು ಬಾಗಿಲಿನ ಸಣ್ಣ ಬಿಲವನ್ನೂ ಮಾಡುತ್ತದೆ, ಇಪ್ಪತ್ತಕ್ಕೂ ಹೆಚ್ಚು ಬಾಗಿಲಿನ ದೊಡ್ಡದನ್ನೂ ಮಾಡುತ್ತದೆ. ಒಂದು ಬಾಗಿಲಲ್ಲಿ ಹಾವೋ ನಾಯಿಯೋ ಬಂದರೆ ಇನ್ನೊಂದರಿಂದ ಪಾರು. ಕೆಲವು ಬಿಲಗಳನ್ನು ವರ್ಷ ವರ್ಷವೂ ಬಳಸುತ್ತವೆ. ಮಳೆಗಾಲದಲ್ಲಿ ಯಾರೂ ಇಲ್ಲ ಎಂದು ನೀವು ಬದು ಒಡೆದರೆ, ಚಳಿಗಾಲಕ್ಕೆ ಅದು ಹಳೆಯ ವಿಳಾಸ ಹುಡುಕಿಕೊಂಡು ಬಂದಾಗ ಮನೆಯೇ ಇರುವುದಿಲ್ಲ. ಈಗ ಜೆಸಿಬಿ ಒಂದು ಗಂಟೆಯಲ್ಲಿ ಹಳೆಯ ಬದುವನ್ನೆಲ್ಲ ನೆಲಸಮ ಮಾಡುತ್ತದೆ. ನಮ್ಮ ಕಡೆ ನರಿ ಕಡಿಮೆಯಾಗಲು ಬಂದೂಕಿಗಿಂತ ಅದೇ ದೊಡ್ಡ ಕಾರಣ ಎಂದು ನನಗೆ ಅನ್ನಿಸುತ್ತದೆ.

ಊಟದ ವಿಷಯ ನಿಮ್ಮ ಮನೆಯವರಿಗೆ ಓದಿ ಹೇಳಿ. ಇದರ ಮುಖ್ಯ ಊಟ ಇಲಿ ಮತ್ತು ಹುಳ. ಹೊಲದ ಬಯಲು ಇಲಿ, ಮಿಡತೆ, ಜೀರುಂಡೆ, ಚೇಳು, ಗೆದ್ದಲು. ಮೊದಲ ಮಳೆಗೆ ರೆಕ್ಕೆ ಗೆದ್ದಲು ಎದ್ದಾಗ ಅದಕ್ಕೆ ಹಬ್ಬ. ಬಾರಿ ಹಣ್ಣು, ಬೇವಿನ ಹಣ್ಣು ಬಿದ್ದ ಕಾಲಕ್ಕೆ ಅದರ ಹಿಕ್ಕೆಯಲ್ಲಿ ಬರೀ ಬೀಜವೇ ಇರುತ್ತದೆ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಯ ಮೊಟ್ಟೆಯನ್ನೂ ತಿನ್ನುತ್ತದೆ. ಕಡಲೆ ಚಿಗುರು, ಕಾಯಿಗೆ ಬಾಯಿ ಹಾಕುವುದೂ ಉಂಟು. ಕಲ್ಲಂಗಡಿ ಹಾಕಿದ್ದರೆ ಒಂದೆರಡು ಹೋಗಬಹುದು. ಅದನ್ನು ಮುಚ್ಚಿಡುವುದಿಲ್ಲ.

ಕುರಿಮರಿ? ಈಗ ತಾನೇ ಹುಟ್ಟಿದ ಕುರಿಮರಿಯೇ ಹೆಚ್ಚೂಕಡಿಮೆ ಈ ನರಿಯಷ್ಟು ತೂಗುತ್ತದೆ. ಹೊತ್ತೊಯ್ಯಲು ಅದಕ್ಕೆ ಶಕ್ತಿ ಇಲ್ಲ. ಹಟ್ಟಿಯ ಹತ್ತಿರ ಕುರಿನಾಯಿ ಇದ್ದರೆ ಅದು ಆ ದಿಕ್ಕಿಗೂ ಸುಳಿಯುವುದಿಲ್ಲ. ಮರಿ ಕಳೆದುಹೋದರೆ ಮೊದಲು ಊರ ಬೀದಿನಾಯಿಗಳನ್ನು ನೋಡಿ, ಆಮೇಲೆ ಗುಳ್ಳೆನರಿ, ತೋಳ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಕ್ಕೆಂದೇ ಧಾಮ ಆಗಿದೆ, ಅಂದರೆ ನಮ್ಮ ಜಿಲ್ಲೆಯಲ್ಲಿ ತೋಳ ಇನ್ನೂ ಇದೆ. ಹೊಲದಲ್ಲಿ ಕೋಳಿ ಬಿಟ್ಟಿದ್ದರೆ ಮಾತ್ರ ಸಂಜೆ ಬುಟ್ಟಿಯಡಿ ಮುಚ್ಚಿ. ಕೋಳಿಮರಿ ಸಿಕ್ಕರೆ ಈ ನರಿ ಬಿಡುವುದಿಲ್ಲ.

ಒಂದು ಮಾತು, ಇಲಿಗೆ ಮದ್ದಿಟ್ಟರೆ ಸತ್ತ ಇಲಿಗಳನ್ನು ಹೂತುಹಾಕಿ. ಮದ್ದು ತಿಂದ ಇಲಿಯನ್ನು ನರಿ ತಿಂದರೆ ಅದೂ ಸಾಯುತ್ತದೆ. ಗೂಬೆಗೂ ಹಾಗೇ ಆಗುತ್ತದೆ. ಇಲಿ ಹಿಡಿಯುವ ಇಬ್ಬರನ್ನೂ ಕಳೆದುಕೊಂಡ ಹೊಲಕ್ಕೆ ಮುಂದಿನ ವರ್ಷ ಎರಡು ಪಟ್ಟು ಮದ್ದು ಬೇಕಾಗುತ್ತದೆ.

ಇದಕ್ಕೆ ಅಪಾಯ ಯಾವುದರಿಂದ ಎಂದು ನೀವು ಕೇಳಲಿಲ್ಲ, ಆದರೂ ಎರಡು ಹೇಳದೆ ಇರಲಾರೆ. ಒಂದು ನಾಯಿ. ಸೊಲ್ಲಾಪುರದ ಹತ್ತಿರ ನನ್ನಜ್ ಎಂಬ ಹುಲ್ಲುಗಾವಲಿದೆ, ನಮ್ಮ ವಿಜಯಪುರದ ಆಚೆಗೇ. ಅಲ್ಲಿ ಅಬಿ ತಮೀಮ್ ವನಕ್ ಎಂಬ ವನ್ಯಜೀವಿ ಸಂಶೋಧಕರು ಮತ್ತು ಅವರ ಜೊತೆಗಾರರು ಇದೇ ನರಿಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಊಟ ಇಟ್ಟ ಜಾಗದ ಹತ್ತಿರ ನಾಯಿ ಇದ್ದರೆ ನರಿಗಳು ಬಂದರೂ ಕಡಿಮೆ ತಿನ್ನುತ್ತಿದ್ದವು, ತಲೆ ಎತ್ತಿ ನೋಡುವುದರಲ್ಲೇ ಹೊತ್ತು ಕಳೆಯುತ್ತಿದ್ದವು. ಊರ ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ಅಂಟುರೋಗ, ಹುಚ್ಚು ರೋಗ ಕೂಡ ನರಿಗೆ ತಗಲುತ್ತದೆ. ನಿಮ್ಮ ಕುರಿನಾಯಿಗೆ ಚುಚ್ಚುಮದ್ದು ಹಾಕಿಸಿದರೆ ಅದು ನಿಮ್ಮ ಮನೆಗೂ ಒಳ್ಳೆಯದು, ಬದುವಿನ ಮನೆಗೂ ಒಳ್ಳೆಯದು.

ಇನ್ನೊಂದು ಬಳ್ಳಾರಿ ಜಾಲಿ. ಹೆಸರು ನಮ್ಮದು, ಗಿಡ ಅಮೆರಿಕ ಖಂಡದಿಂದ ಬಂದದ್ದು. ಸೌದೆಗೆಂದು ತಂದದ್ದು ಕೆರೆಯಂಗಳ, ಗಾಯರಾಣ, ಹಳ್ಳದ ದಂಡೆ ಎಲ್ಲವನ್ನೂ ನುಂಗಿದೆ. ಅದು ಒತ್ತಾಗಿ ಬೆಳೆದ ಕಡೆ ಹುಲ್ಲು ಸಾಯುತ್ತದೆ. ಹುಲ್ಲು ಹೋದರೆ ಇಲಿ, ಮಿಡತೆ ಹೋಗುತ್ತವೆ. ದೂರ ನೋಡಿ ಓಡುವ ಅಭ್ಯಾಸದ ನರಿಗೆ ಆ ಮುಳ್ಳಿನ ಗುಹೆ ಬೇಡ. ಹಸಿರು ಮಾಡುತ್ತೇವೆ ಎಂದು ಹುಲ್ಲು ಬಯಲಲ್ಲಿ ಸಾಲಾಗಿ ಗುಂಡಿ ತೋಡಿ ಗಿಡ ನೆಡುವುದನ್ನು ಕಂಡರೂ ನನಗೆ ಸಂಕಟವಾಗುತ್ತದೆ. ಮರ ಬೇಕು, ಆದರೆ ರಸ್ತೆ ಬದಿಯಲ್ಲಿ, ಊರಲ್ಲಿ, ಬದುವಿನ ಮೇಲೆ ಬೇಕು. ಹುಲ್ಲು ಬಯಲಿಗೆ ಹುಲ್ಲೇ ಕಾಡು.

ಸಾಕುವ ವಿಷಯ. ನಿಮ್ಮ ಬದುವಿನ ನರಿಯನ್ನಾಗಲಿ, ಮರಿಯನ್ನಾಗಲಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಒಂಟಿ ಮರಿ ಬಿಲದ ಬಾಯಲ್ಲಿ ಕೂತಿದ್ದರೆ ಅನಾಥ ಎಂದು ಎತ್ತಿಕೊಂಡು ಬರಬೇಡಿ. ತಾಯಿ ಹತ್ತಿರದಲ್ಲೇ ಇದ್ದು, ನೀವು ಹೋಗಲಿ ಎಂದು ಕಾಯುತ್ತಿರುತ್ತದೆ. ಮುಟ್ಟಿದರೆ ಹುಚ್ಚು ರೋಗದ ಭಯವೂ ಇದೆ.

ಫೆನೆಕ್ ಪರದೇಶದ್ದಾದ್ದರಿಂದ ಕಾನೂನು ಅಡ್ಡ ಬರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅದು ತಪ್ಪು. ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹಿಡಿತದಲ್ಲಿಡುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಅದು ಇದೆ. 2022ರಲ್ಲಿ ನಮ್ಮ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಪ್ರಾಣಿಗಳನ್ನೂ ಅದರೊಳಗೆ ಸೇರಿಸಿದರು. 2024ರ ನಿಯಮಗಳ ಪ್ರಕಾರ ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕು. ಕಾಗದ ಇಲ್ಲದ ಪ್ರಾಣಿ ಎಂದರೆ ಕದ್ದು ತಂದ ಪ್ರಾಣಿ ಎಂದೇ ಎಣಿಸಿ.

ಕಾನೂನು ಬದಿಗಿಡೋಣ. ಅದು ಹಗಲು ಮಲಗಿ ರಾತ್ರಿ ಏಳುವ ಪ್ರಾಣಿ. ನಿಮ್ಮ ಮಗ ಮಲಗಿದ ಮೇಲೆ ಅದರ ದಿನ ಶುರು. ತೋಡುವುದು ಅದರ ರಕ್ತದಲ್ಲಿದೆ. ಮರಳು ಸಿಗದಿದ್ದರೆ ಹಾಸಿಗೆ ತೋಡುತ್ತದೆ, ಗೋಡೆ ಮೂಲೆ ತೋಡುತ್ತದೆ, ಉಗುರು ಕಿತ್ತುಬರುವವರೆಗೂ ತೋಡುತ್ತದೆ. ಮರಳಿನ ಕೆಳಗೆ ಹುಳ ಸರಿದರೆ ಕೇಳುವ ಕಿವಿಗೆ ನಮ್ಮ ಮನೆಯ ಟಿವಿ, ಮಿಕ್ಸರ್, ಜಾತ್ರೆಯ ಡಿಜೆ ಹೇಗೆ ಕೇಳಿಸೀತು, ಯೋಚಿಸಲು ಹೇಳಿ. ನೀವು ಮೊಬೈಲಲ್ಲಿ ನೋಡುವ ಮುದ್ದಾದ ಕೂಗಾಟದಲ್ಲಿ ಎಷ್ಟೋ ಸಲ ಇರುವುದು ಗಾಬರಿ. ಮೊರಾಕ್ಕೊದ ದಕ್ಷಿಣದಲ್ಲಿ ಪ್ರವಾಸಿಗರ ಜೊತೆ ಫೋಟೊ ತೆಗೆಸಲು, ಮಾರಲು ಮರಿಗಳನ್ನು ಬಿಲದಿಂದ ಹಿಡಿದು ತರುತ್ತಾರೆ. ಆ ಪ್ರಾಣಿಯನ್ನು ನಿಜವಾಗಿ ಇಷ್ಟಪಡುವ ಹುಡುಗ ಅಂಥ ವಿಡಿಯೊ ಬಂದರೆ ಮುಂದಕ್ಕೆ ತಳ್ಳಬೇಕು, ಲೈಕ್ ಒತ್ತಬಾರದು. ನಾನು ಇದನ್ನು ಶಾಲೆಗಳಲ್ಲಿ ಹೇಳಿದಾಗ ದೊಡ್ಡವರಿಗಿಂತ ಮಕ್ಕಳೇ ಬೇಗ ಒಪ್ಪಿದ್ದಾರೆ.

ನಿಮ್ಮ ಅತ್ತೆಯವರ ಮಾತು ನನಗೆ ಇಷ್ಟವಾಯಿತು. ‘ನರಿ ಮುಖ ನೋಡಿ ಎದ್ದಿದ್ದೀಯಾ’ ಎಂದು ನಮ್ಮ ಅಜ್ಜಿಯೂ ಕೇಳುತ್ತಿದ್ದರು. ಆ ನಂಬಿಕೆ ನರಿಯನ್ನು ಬದುಕಲು ಬಿಡುವವರೆಗೆ ಒಳ್ಳೆಯದೇ. ಆದರೆ ಅದೇ ನಂಬಿಕೆಯ ಇನ್ನೊಂದು ತುದಿಯಲ್ಲಿ ನರಿ ಕೊಂಬು ಮಾರುವವರಿದ್ದಾರೆ. ಯಾವ ನರಿಗೂ ಕೊಂಬಿಲ್ಲ, ಅಕ್ಕಾವ್ರೇ. ತಲೆಬುರುಡೆಯ ಎಲುಬಿನ ಚೂರಿಗೆ ಕೂದಲು, ಚರ್ಮ ಅಂಟಿಸಿ ತಾಯಿತ ಎಂದು ಕೊಡುತ್ತಾರೆ. ಅದಕ್ಕಾಗಿ ಬಿಲಕ್ಕೆ ಹೊಗೆ ಹಾಕಿ ನರಿ ಕೊಲ್ಲುತ್ತಾರೆ. ಸಂತೆಯಲ್ಲಿ ಕಂಡರೆ ಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಕೊನೆಗೆ ನಿಮ್ಮ ಮಗನಿಗೆ ಒಂದು ಕೆಲಸ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೊಮ್ಮೆ, ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ, ಅಪ್ಪನ ಜೊತೆ ಹೋಗಲಿ. ಬಿಲದಿಂದ ನೂರು ಹೆಜ್ಜೆ ದೂರ, ಗಾಳಿ ಬಿಲದ ಕಡೆಯಿಂದ ತನ್ನ ಕಡೆಗೆ ಬೀಸುವ ಹಾಗೆ ಕೂರಲಿ. ನಾಯಿ ಬೇಡ, ಮೊಬೈಲ್ ಬೆಳಕು ಬೇಡ, ರೊಟ್ಟಿ ತುಂಡು ಎಸೆಯುವುದೂ ಬೇಡ. ಮೊದಲು ತಾಯಿಯೋ ತಂದೆಯೋ ಬಂದು ಸುತ್ತ ನೋಡುತ್ತದೆ. ಎಲ್ಲ ಸರಿ ಇದ್ದರೆ ಆಮೇಲೆ ಮರಿಗಳು, ಸಾಮಾನ್ಯವಾಗಿ ಎರಡರಿಂದ ನಾಲ್ಕು. ಮಾರನೇ ದಿನ ಬಿಲದಿಂದ ದೂರದ ಮಣ್ಣಿನ ದಾರಿಯಲ್ಲಿ ಹೆಜ್ಜೆ ಹುಡುಕಲಿ. ನಾಲ್ಕು ಬೆರಳು, ಅವುಗಳ ಮುಂದೆ ಉಗುರಿನ ಚುಕ್ಕೆ ಇದ್ದರೆ ನರಿ ಅಥವಾ ನಾಯಿಮರಿ. ಉಗುರು ಕಾಣದಿದ್ದರೆ ಬೆಕ್ಕು. ನೋಡಿದ ದಿನ, ಹೊತ್ತು, ಎಷ್ಟು ಮರಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮುಂದಿನ ಜನವರಿಗೆ ಅದೇ ಬದುವಿನಲ್ಲಿ ಮತ್ತೆ ಹೊಸ ಮಣ್ಣು ಬಿದ್ದಿದೆಯಾ ಎಂದು ನೋಡಿ ನನಗೆ ಬರೆಯಲಿ. ಆ ಪತ್ರಕ್ಕೆ ಕಾಯುತ್ತೇನೆ.